ಬೆಲ್ಟು ಹಿಡಿಯುವವಳು

ತನ್ನ ಗಂಡನ ಬೆಲ್ಟನ್ನು ಹಳದಿ ಕೋಟಿನ ಹೆಂಗಸೊಬ್ಬಳು ಹಿಂದಿನಿಂದ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಅವನ ಕಿವಿಯ ಹತ್ತಿರ ಏನೋ ಪಿಸುಗುಟ್ಟುತ್ತಿದ್ದುದನ್ನು ಹೆಂಡತಿ ಪೊದೆಯ ಮರೆಯಿಂದ ಕಣ್ಣಾರೆ ಕಂಡಳು.

ಅದು ಅವಳ ಜಾಗ. ಮುನ್ನೂರು ಅಡಿ ಕೆಳಗೆ ಕಡಲು, ಮೇಲೆ ಬಂಡೆಯಂಚಿನ ಕಾಲುದಾರಿ. ದುರ್ಬೀನಿಗೆ ಕಣ್ಣಿಟ್ಟವರಿಗೆ ಕಾಲ ಕೆಳಗಿನ ನೆಲ ಮರೆತೇಹೋಗುತ್ತದೆ. ಅದಕ್ಕೇ ಪಕ್ಷಿವೀಕ್ಷಕರ ಬಳಗದಲ್ಲಿ ಒಂದು ಕಟ್ಟಳೆ: ಒಬ್ಬರು ನೋಡಬೇಕು, ಇನ್ನೊಬ್ಬರು ಹಿಂದೆ ನಿಂತು ಬೆಲ್ಟು ಹಿಡಿದಿರಬೇಕು. ಹನ್ನೊಂದು ವರ್ಷ ಅವಳೇ ಹಿಡಿದಿದ್ದಳು. ಕಳೆದ ವರ್ಷ ಮಂಡಿಯ ಆಪರೇಷನ್ ಆಗಿ ಅವಳು ಮನೆ ಹಿಡಿದ ಮೇಲೆ, ಜೊತೆಗೆ ಪೋಸ್ಟ್‌ಮಾಸ್ಟರು ಬರುತ್ತಾರೆ ಎಂದಿದ್ದ ಗಂಡ.

ಪೋಸ್ಟ್‌ಮಾಸ್ಟರು ನಿನ್ನೆ ಅಂಗಡಿಯಲ್ಲಿ ಸಿಕ್ಕಿ, ತಾನು ಬಂಡೆ ಹತ್ತಿ ವರ್ಷವಾಯಿತು ಎಂದರು.

ಆದರೆ ಅವನನ್ನು ಮೊದಲು ಹಿಡಿದುಕೊಟ್ಟದ್ದು ಅವನ ಬಾಯಿಯೇ. 'ಕಡಲಕಾಗೆ, ಹನ್ನೆರಡು' ಎಂದು ಮಾತು ಮುಗಿಸುತ್ತಿದ್ದ ಮನುಷ್ಯ ಈಗ ಊಟಕ್ಕೆ ಕೂತು ವರ್ಣನೆಗಿಳಿಯುತ್ತಾನೆ. ಕೊಕ್ಕು ಬಣ್ಣದಲ್ಲಿ ಅದ್ದಿ ತೆಗೆದ ಹಾಗಿತ್ತಂತೆ, ಮರಿ ಅಂಗಡಿ ಮುಂದೆ ಹಟ ಹಿಡಿದ ಮಗುವಿನ ಹಾಗೆ ರೆಕ್ಕೆ ಬಡಿಯಿತಂತೆ. ಇವು ಅವನ ಮಾತುಗಳಲ್ಲ. ಯಾವಳೋ ಅವನ ನಾಲಗೆಯ ಮೇಲೆ ಮನೆ ಮಾಡಿದ್ದಾಳೆ. ಇತ್ತ ಹೆಂಡತಿ ಉದ್ದ ಕೂದಲನ್ನು ಹೆಗಲಿಗೆ ಕತ್ತರಿಸಿಕೊಂಡು ಮೂರು ವಾರವಾದರೂ ಒಂದು ಮಾತಿಲ್ಲ. ಮಾತಾಡಿಸಿದರೆ ಅವನ ನೋಟ ಅವಳ ಕಿವಿಯ ಪಕ್ಕಕ್ಕೆ ಜಾರುತ್ತದೆ. ಮೊನ್ನೆ ಕೈತಾಗಿ ಲೋಟ ಉರುಳಿಸಿ, ಏನೋ ಯೋಚನೆಯಲ್ಲಿದ್ದೆ ಎಂದ.

ಯಾರ ಯೋಚನೆ ಎಂಬುದು ಈಗ ಹಳದಿ ಕೋಟು ಹಾಕಿಕೊಂಡು ಎದುರಿಗೇ ನಿಂತಿತ್ತು.

ಅವಳು ಕುಂಟುತ್ತ ಇನ್ನಷ್ಟು ಹತ್ತಿರ ಸರಿದಳು. ಗಾಳಿ ಮಾತನ್ನು ಹೊತ್ತು ತಂದಿತು.

"ಇನ್ನೂ ಎಷ್ಟು ದಿನ ಮುಚ್ಚಿಡ್ತೀರಿ? ಮನೆಯವರಿಗೆ ಹೇಳಿಬಿಡಿ," ಎಂದಳು ಹಳದಿ ಕೋಟಿನವಳು.

"ಹೇಳಿದರೆ ಮುಗೀತು ಕಥೆ." ಅವನು ನಕ್ಕ. "ಭಾನುವಾರ ಹೊಸ್ತಿಲು ದಾಟೋಕೂ ಬಿಡಲ್ಲ ಅವಳು. ಇರಲಿ ಬಿಡು, ನಡೆದಷ್ಟು ದಿನ ನಡೀಲಿ."

ಸಿಟ್ಟಿನಲ್ಲಿ ಹೆಂಡತಿಗೆ ಮಂಡಿಯ ನೋವು ಮರೆತುಹೋಯಿತು. ಪೊದೆಯಿಂದ ಹೊರಬಂದವಳೇ ಸೀದಾ ಹೋಗಿ, ಅಂಚಿನಲ್ಲಿ ನೆಟ್ಟಿದ್ದ ಒಂಟಿ ಕಬ್ಬಿಣದ ಕಂಬಕ್ಕೆ ಬೆನ್ನು ಕೊಟ್ಟು, ಗಂಡನ ದುರ್ಬೀನಿಗೆ ಅಡ್ಡವಾಗಿ ನಿಂತಳು. ಇಬ್ಬರ ನಡುವೆ ಒಂದು ಮಾರು ದೂರವೂ ಇರಲಿಲ್ಲ.

ಹಳದಿ ಕೋಟಿನವಳ ಬಾಯಿ ಕಟ್ಟಿತು.

ಅವನು ನಿಧಾನವಾಗಿ ದುರ್ಬೀನು ಇಳಿಸಿದ. ಇಳಿಸಲಿ, ನೋಡಲಿ, ಬೆವರಲಿ. ಕೇಳಬೇಕಾದದ್ದು ಹೆಂಡತಿಯ ನಾಲಗೆಯ ತುದಿಯಲ್ಲೇ ಇತ್ತು. ಹೊತ್ತು ಹತ್ತು ಗಂಟೆ, ನಿಚ್ಚಳ ಬಿಸಿಲು. ಅವನು ಕಣ್ಣರಳಿಸಿ ನೇರ ಅವಳ ಮುಖದ ಕಡೆಗೇ ತಿರುಗಿದ. ತುಟಿಯ ಮೇಲಿನ ನಗು ಹಾಗೇ ಇತ್ತು.

"ಯಾಕಮ್ಮಾ ಸುಮ್ಮನಾದೆ?" ಎಂದು ಹಿಂದಿದ್ದವಳನ್ನು ಕೇಳಿದ. "ಎದುರಿಗೆ ಯಾವ ಹಕ್ಕಿ ಬಂತು?"