ಫೋಟೋದ ಕೆಳಗಿನ ಹೆಸರು

“ಹೊಸ ಲ್ಯಾಪ್‌ಟಾಪಿಗಿ ಹಳೇ ಓಎಸ್ ಯಾರ್ ಹಾಕಿಸ್ತಾರ್ರೀ ಮೇಡಂ?” ರಾಯಚೂರಿನ ರಿಪೇರಿ ಅಂಗಡಿಯ ದುರುಗೇಶ ನಕ್ಕೇಬಿಟ್ಟ. “ಹಳೇ ಫೈಲ್ ಓಪನ್ ಆಗಲಿಲ್ಲಂದ್ರ ಬಿಡ್ರಿ ಅತ್ಲಾಗ. ಯಾರಿಗಿ ಬೇಕು ಅವು?”

ಉಮಾದೇವಿಗೆ ಮೈಯೆಲ್ಲ ಉರಿದುಹೋಯಿತು. ಮಾನ್ವಿಯಲ್ಲಿ ಹದಿನಾರು ವರ್ಷದಿಂದ ಡಿಟಿಪಿ ಮಾಡುವವಳು ಆಕೆ. ಸುತ್ತಲಿನ ಊರುಗಳ ಲಗ್ನಪತ್ರಿಕೆ, ಶ್ರದ್ಧಾಂಜಲಿ ಕಾರ್ಡುಗಳನ್ನೆಲ್ಲ ಟೈಪು ಮಾಡಿದ ಆ ಕನ್ನಡ ಸಾಫ್ಟ್‌ವೇರ್ ಈ ಹೊಸ ಲ್ಯಾಪ್‌ಟಾಪಿನ ಆಪರೇಟಿಂಗ್ ಸಿಸ್ಟಮ್‌ನಲ್ಲಿ ನಡೆಯುತ್ತಲೇ ಇರಲಿಲ್ಲ.

ತನ್ನ ಪೆನ್‌ಡ್ರೈವ್ ಚುಚ್ಚಿ, ಒಂದು ಶ್ರದ್ಧಾಂಜಲಿ ಕಾರ್ಡು ತೆರೆದು, ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. ತಲೆಮೇಲೆ ಸೆರಗು ಹೊದ್ದ ಮುದುಕಿಯ ಫೋಟೋ ಸರಿಯಾಗಿಯೇ ಇತ್ತು. ಅದರ ಕೆಳಗೆ, ಹೆಸರಿದ್ದ ಜಾಗದಲ್ಲಿ, ಬರೀ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆ.

“ನಿಮ್ಮೂರು ಕಲ್ಲೂರಿಂದ ನನ್ನ ಅಂಗಡಿಗಿ ಬಂದು, ಹೆಸರು ತಪ್ಪಬಾರ್ದು ಅಂತ ಮೂರು ಸಲ ತಿದ್ದಿಸಿದ್ರಲ್ಲ? ಈಗ ಓದ್ರಿ, ನಿಮ್ಮವ್ವನ ಹೆಸರು!”

ದುರುಗೇಶ ಧೂಳು ಕೂತಿದೆಯೇನೋ ಎಂಬಂತೆ ಅಂಗಿಯ ತೋಳಿನಿಂದ ಪರದೆ ಒರೆಸಿದ. ಮತ್ತೊಮ್ಮೆ ಒರೆಸಿದ. ಆಮೇಲೆ ಮೇಜಿನ ಡ್ರಾಯರ್ ಎಳೆದು, ತಲೆ ಎತ್ತದೆ, ಹಳೇ ಓಎಸ್ ಇದ್ದ ಪೆನ್‌ಡ್ರೈವ್ ತಡಕಾಡುತ್ತ ಅಂದ:

“ಭೀಮವ್ವ ಅಂತ ಇತ್ತಲ್ರೀ, ಅಕ್ಕಾ.”