ಪಟೇಲರ ಹಲ್ಲಿನ ರಿಪೇರಿ

"ಈ ಬಡ್ಡೀಮಗ ಸಣ್ಣಯ್ಯ ಹಲ್ಲು ರಿಪೇರಿಗೆ ಹಾಸನಕ್ಕೇ ಹೋಗಿಲ್ಲ ಕಣೇ!"

ಪಟೇಲ ರಂಗಸ್ವಾಮಿಗೌಡರು ಹಲ್ಲಿನ ಸೆಟ್ಟನ್ನು ಬಾಯಿಂದ ಕಿತ್ತು ಅಂಗೈಯಲ್ಲಿಟ್ಟುಕೊಂಡರು. ಒಸಡಿನಲ್ಲಿ ರಕ್ತ ಜಿನುಗಿತ್ತು. ಬೈಗುಳದಲ್ಲಿ ಅರ್ಧ ಗಾಳಿ, ಅರ್ಧ ಉಗುಳು.

"ಹೊಸದ್ರಲ್ಲಿ ಚಪ್ಲೀನೂ ಕಚ್ತದೆ, ಸುಮ್ಕಿರಿ," ಎಂದರು ಹೆಂಡತಿ ಅನಸೂಯಮ್ಮ.

"ಚಪ್ಲಿ ಕಾಲು ಕಚ್ತದೆ. ಇದು ಬಾಯೊಳ್ಗೇ ಕೂತು ನನ್ನೇ ಕಚ್ತಾ ಐತಲ್ಲೇ!"

ಹಲ್ಲು ಕಟ್ಟಿಸಿದ್ದು ಮೈಸೂರಿನಲ್ಲಿ. ಅಲ್ಲಿನ ಡಾಕ್ಟರು ನಿಯಮಗಳನ್ನೂ ಕಟ್ಟಿ ಕಳಿಸಿದ್ದರು. ಊಟವಾದ ಮೇಲೆ ತೊಳೆಯಬೇಕು. ಬಿಸಿನೀರು ಕೂಡದು. ಮಲಗುವಾಗ ತಣ್ಣೀರಿನಲ್ಲಿ ಹಾಕಿಡಬೇಕು. ನಾಲಿಗೆ ಪಳಗುವ ತನಕ ಪೇಪರನ್ನು ಗಟ್ಟಿಯಾಗಿ ಓದಬೇಕು. ಗೌಡರು ಜಗಲಿಯಲ್ಲಿ ಕೂತು ಓದಿದರು. ಸಾಲಗಾಮೆ ಕಡೆಯ ಆ ಹಳ್ಳಿಗೆ 'ಪಂಚವಾರ್ಫಿಕ ಯೋಜನೆ' ಬಂದದ್ದು ಹಾಗೆ.

ತೊಳೆಯುವವರು ಯಾರು? ಎಂಜಲು ಹಲ್ಲನ್ನು ಅನಸೂಯಮ್ಮ ಮುಟ್ಟಲೊಲ್ಲರು. ತಮ್ಮ ಎಂಜಲನ್ನು ತಾವೇ ತಿಕ್ಕಿದರೆ ಗೌಡರ ಗೌಡಿಕೆ ಉಳಿಯುವುದಿಲ್ಲ. ಕೆಲಸ ಆಳು ಸಣ್ಣಯ್ಯನ ಪಾಲಿಗೆ ಬಂತು. ಅವನು ಜಗಲಿ ಹತ್ತುವಂತಿರಲಿಲ್ಲ. ಗೌಡರು ಮೇಲಿನಿಂದ ಅವನ ಚೊಂಬಿಗೆ ಹಲ್ಲು ಬೀಳಿಸುವರು. ಅವನು ತಿಕ್ಕಿ ತಂದು ಅಂಚಿಗಿಡುವನು. ಗೌಡರು ಮೂರು ಸಲ ನೀರು ಹೊಯ್ದು, ಅವನು ಮುಟ್ಟಿದ ಮೈಲಿಗೆ ಹೋಯಿತೆಂದು ನಂಬಿ, ಬಾಯಿಗೆ ಹಾಕಿಕೊಳ್ಳುವರು.

ಒಂದು ತಿಂಗಳಾದರೂ ನೋವು ಹೋಗಲಿಲ್ಲ. ಮಗಳ ವೀಳ್ಯಶಾಸ್ತ್ರ ಬೇರೆ ಗೊತ್ತಾಗಿತ್ತು. ಮೈಸೂರು ದೂರ. ಹಾಸನದಲ್ಲಿ ಹೊಸದಾಗಿ ಒಬ್ಬ ಹಲ್ಲಿನ ಡಾಕ್ಟರು ಬೋರ್ಡು ಹಾಕಿದ್ದರು.

"ನೀವೇ ಹೋಗ್ಬನ್ನಿ," ಎಂದರು ಅನಸೂಯಮ್ಮ.

"ನೇಗ್ಲು ಗುಳ ತಟ್ಟಿಸೋಕೆ ಕಮ್ಮಾರನ ತಾವ ನಾನು ಯಾವತ್ತಾದ್ರೂ ಹೋಗಿದ್ದೀನೇನೇ?"

ಚೊಂಬಿನಲ್ಲಿ ನೀರು, ನೀರಿನಲ್ಲಿ ಹಲ್ಲು, ಬಾಯಿಗೊಂದು ಬಟ್ಟೆ. ಸಣ್ಣಯ್ಯ ಹೊರಟ.

"ನೋಯ್ತದೆ ಅನ್ನು, ಸಾಕು. ಡಾಕ್ಟ್ರು ಏನ್ ಹೇಳ್ತಾರೋ ಹಂಗ್ ಮಾಡು. ಎದುರು ಮಾತಾಡಿ ನನ್ ಮಾನ ಕಳೀಬೇಡ."

"ಆಗ್ಲಿ ಬುದ್ಧಿ."

ಸಂಜೆ ಬಂದ.

"ಏನಂದ್ರಲಾ?"

"ಎಲ್ಲಿ ನೋವು ಅಂದ್ರು ಬುದ್ಧಿ. ತೋರ್ಸ್ದೆ. ಉಜ್ಜಿ ಕೊಟ್ರು."

ಮಾರನೆಯ ದಿನ ನೋವು ಎಡದಿಂದ ಬಲಕ್ಕೆ ಹೋಯಿತು. ಎರಡನೆಯ ಸಲ ಕಳಿಸಿದರು. ನೋವು ಎರಡೂ ಕಡೆ ಬಂತು. ಮೂರನೆಯ ಸಲ ಸೆಟ್ಟು ಬಾಯೊಳಗೆ ತೊಟ್ಟಿಲಂತೆ ತೂಗತೊಡಗಿತು.

"ನಿಜ ಬೊಗಳು. ಆ ಡಾಕ್ಟ್ರು ನಿನ್ನ ಒಳಕ್ಕೆ ಬಿಟ್ಕಂಡ್ರಾ?"

"ಬಿಟ್ಕಂಡ್ರು ಬುದ್ಧಿ. ಕುರ್ಚಿ ಮ್ಯಾಲೆ ಕೂರ್ಸಿದ್ರು."

ಗೌಡರು ಬಿದ್ದು ಬಿದ್ದು ನಕ್ಕರು. "ಕೇಳಿದೇನೇ? ಇವನನ್ನ ಕುರ್ಚಿ ಮೇಲೆ ಕೂರ್ಸಿದ್ರಂತೆ! ಕಾಫಿ ಕೊಟ್ಟು ಬೀಸಣಿಗೇನೂ ಬೀಸಿರ್ಬೇಕು, ಅಳಿಯದೇವ್ರಿಗೆ!" ಆಮೇಲೆ ನಗು ನಿಂತಿತು. ಸುಳ್ಳು ಹೇಳುವುದಕ್ಕೂ ಒಂದು ಅಂಕೆ ಬೇಡವೇ? ಇವನು ಯಾವುದೋ ಮರದಡಿ ಮಲಗಿ, ಕಲ್ಲಿಗೆ ಉಜ್ಜಿ ತಂದಿದ್ದಾನೆ. ಗೌಡರಿಗೆ ಖಾತ್ರಿಯಾಯಿತು.

ಹೊಳೆನರಸೀಪುರದ ಬೀಗರು ಬಂದರು. ವೀಳ್ಯ ಬದಲಾಯಿಸಿ, ಅಗಿದು, ಮಾತು ಕೊಡಬೇಕು. ಗೌಡರು ಎಲೆಯಡಿಕೆ ಬಾಯಿಗಿಟ್ಟರು. ಎರಡನೆಯ ಅಗಿತಕ್ಕೆ ಮೇಲಿನ ಸೆಟ್ಟು ಕೆಳಗಿಳಿಯಿತು. ಕೈಯಲ್ಲಿ ದವಡೆ ಹಿಡಿದುಕೊಂಡೇ "ಹೆಣ್ಣು ಕೊಟ್ಟೆ" ಎಂದರು. ಮಾತಿನ ಜೊತೆ ಶಿಳ್ಳೆಯೂ ಹೊರಟಿತು.

"ಎಣ್ಣು ಪೊಪ್ಪೆ!" ಎಂದ ಗಂಡಿನ ಸೋದರಮಾವ ಗೌರೀಶಂಕರ. ಅದೇ ದನಿ, ಅದೇ ಶಿಳ್ಳೆ, ದವಡೆಯ ಮೇಲೆ ಅದೇ ಕೈ. ಚಪ್ಪರವೆಲ್ಲ ನಕ್ಕಿತು. ಗೌಡರ ಮಗಳು ಎದ್ದು ಒಳಗೆ ಹೋದಳು.

ಸಣ್ಣಯ್ಯ ಎಂಜಲೆಲೆ ಎತ್ತಲು ದೂರದಲ್ಲಿ ನಿಂತಿದ್ದ. ಬೀಗರ ಗಾಡಿ ಮರೆಯಾಗುತ್ತಲೇ ಗೌಡರು ಅವನತ್ತ ತಿರುಗಿದರು.

"ನಾಳೆ ಹಾಸನಕ್ಕೆ ನಾನೇ ಬತ್ತೀನಿ. ಇವನ ಮುಖಾನೇ ನೋಡಿಲ್ಲ ಅಂತ ಆ ಡಾಕ್ಟ್ರು ಅಂದ್ರೆ, ಹೊತ್ತು ಮುಳುಗೋದ್ರೊಳ್ಗೆ ನಿನ್ ಗುಡಿಸ್ಲು ಕೀಳಿಸ್ತೀನಿ."

ಗುಡಿಸಲು ಗೌಡರ ಜಾಗದಲ್ಲಿತ್ತು. ಒಳಗೆ ಸಣ್ಣಯ್ಯನ ಮಗಳು ಬೆಟ್ಟಮ್ಮ ಹೆತ್ತು ಎಂಟು ದಿನವಾಗಿತ್ತು.

"ಎಳೇ ಬಾಣಂತಿ ಅವ್ಳೆ ಬುದ್ಧಿ. ನಾನು ಓಗಿವ್ನಿ. ಮೂರು ದಪಾನೂ ಓಗಿವ್ನಿ."

"ಹಲ್ಲಿಲ್ದಿದ್ರೂ ಸುಳ್ಳು ಮಾತ್ರ ಚೆನ್ನಾಗಿ ಅಗೀತೀಯ ಕಣ್ಲಾ."

ಗೌಡರು ಬಸ್ಸಿನಲ್ಲಿ ಬಂದರು, ಸಣ್ಣಯ್ಯ ನಡೆದು ಬಂದ. ಅವನನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿ ಗೌಡರು ಒಳಗೆ ಹೋದರು.

"ಏನು ತೊಂದರೆ ಯಜಮಾನ್ರೇ?" ಎಂದು ಡಾಕ್ಟರು ಕುರ್ಚಿ ತೋರಿಸಿದರು.

ಗೌಡರು ಕೂತು ಬಾಯಿ ತೆರೆದರು. ಡಾಕ್ಟರು ಬಗ್ಗಿದರು. ಸೆಟ್ಟನ್ನು ಬೆರಳಿನಿಂದ ಅಲುಗಿಸಿದರು. ಹುಬ್ಬು ಗಂಟಾಯಿತು. ಕಿಟಕಿಯಾಚೆ ನೋಡಿದರು.

"ಸಣ್ಣಯ್ಯ ಅಲ್ಲವೇನಪ್ಪಾ? ಬಿಸಿಲಲ್ಲಿ ಯಾಕೆ ನಿಂತೆ? ಬಾ ಒಳಗೆ."

ಸಣ್ಣಯ್ಯ ಎರಡೂ ಕೈ ಎತ್ತಿ ಮುಗಿದ. ಕಣ್ಣಲ್ಲಿ ನೀರು ಬಂತು. ಗುಡಿಸಲು ಉಳಿಯಿತು.

ಗೌಡರು ಡಾಕ್ಟರ ಕೈ ಸರಿಸಿದರು. "ಹಂಗಾದ್ರೆ ಇವನು ಬಂದಿದ್ದು ದಿಟವಾ?"

"ಮೂರು ಸಲವೂ ಬಂದಿದ್ದಾನೆ. ಇದೇ ಕುರ್ಚಿಯಲ್ಲಿ ಕೂರಿಸಿ, ಅವನ ಬಾಯಿಗೆ ಹಾಕಿಸಿ, ಎಲ್ಲಿ ಒತ್ತುತ್ತೆ ಅಂತ ನೋಡಿ ನೋಡಿ ಉಜ್ಜಿಕೊಟ್ಟಿದ್ದೀನಿ." ಡಾಕ್ಟರ ದನಿ ಗಡುಸಾಯಿತು. "ಪಾಪ, ಆ ಬಡವನ ಹಲ್ಲನ್ನ ಕಿತ್ಕೊಂಡು ನೀವ್ಯಾಕೆ ಹಾಕ್ಕೊಂಡಿದ್ದೀರಿ?"