ನಾಲ್ಕು ಗಂಟೆಯ ನಾಡಿ

ನಿನ್ನೆ ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಅಕ್ಕನ ನಾಡಿ ಎಪ್ಪತ್ತಾರು. ನಾಲ್ಕು ದಾಟಿ ಮೂರು ನಿಮಿಷಕ್ಕೆ ನೂರ ಇಪ್ಪತ್ತೆಂಟು. ಮೊನ್ನೆಯೂ ಹೀಗೇ, ಆಚೆ ಮೊನ್ನೆಯೂ ಹೀಗೇ. ವಿನುತಾ ಅಂಕಿಗಳನ್ನು ಮತ್ತೊಮ್ಮೆ ನೋಡಿದಳು.

ಮಂಕಿಯಲ್ಲಿರುವ ಅಕ್ಕ ಮಂಗಲಾಳಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳು. ಅವಳ ಮಣಿಕಟ್ಟಿನ ಪಟ್ಟಿ ನಿಮಿಷಕ್ಕೊಂದು ಅಂಕಿ ಕಳಿಸುತ್ತಿತ್ತು. ವಿನುತಾ ಕುಮಟಾದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಕಾಲೇಜು ಇದ್ದ ದಿನ ಪಾಠ ಮುಗಿಸಿ, ಹಿಂದಿನ ದಿನದ ಅಂಕಿಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಅಕ್ಕನಿಗೆ ಫೋನಿನಲ್ಲಿ ನಾಲ್ಕು ಎಚ್ಚರಿಕೆಯ ಮಾತು ಹೇಳಿಯೇ ಮನೆಗೆ ಹೊರಡುತ್ತಿದ್ದಳು.

ಒಟ್ಟು ಸರಾಸರಿ ಚೆನ್ನಾಗಿಯೇ ಇತ್ತು. ಡಾಕ್ಟರರೂ ಅದನ್ನೇ ನೋಡಿ ತಲೆದೂಗಿದ್ದರು. ಇವತ್ತು ಯಾಕೋ ಅವಳಿಗೆ ಸರಾಸರಿಯ ಮೇಲೆ ನಂಬಿಕೆ ಹುಟ್ಟಲಿಲ್ಲ. ಎಂಬತ್ತಾರು ಸಾವಿರ ಅಂಕಿಗಳ ಸಾಲನ್ನು ಎಲ್ಲಿಂದ ಎಲ್ಲಿಯವರೆಗೆ ಕತ್ತರಿಸಬೇಕೆಂದು ಕಂಪ್ಯೂಟರಿಗೆ ಆದೇಶ ಕೊಟ್ಟು, ಒಂದೊಂದೇ ತುಂಡು ಬಿಡಿಸಿದಳು. ಬೆಳಗಿನ ತುಂಡು ಶಾಂತ. ಮಧ್ಯಾಹ್ನದ್ದೂ ಶಾಂತ. ನಾಲ್ಕರಿಂದ ನಾಲ್ಕೂಕಾಲರ ತುಂಡು ಮಾತ್ರ ಹುಚ್ಚೆದ್ದು ಕುಣಿಯುತ್ತಿತ್ತು. ವಾರದ ದಿನಗಳನ್ನು ಬೇರೆ ಬೇರೆ ಮಾಡಿದಳು. ಭಾನುವಾರಗಳಲ್ಲಿ ಮಾತ್ರ ಏರಿಲ್ಲ.

ಆ ಹೊತ್ತಿಗೆ ಆ ಮನೆಗೆ ಬರುವವನು ಒಬ್ಬನೇ. ಭಾವ ಮಾಬ್ಲೇಶ್ವರ ಐಸ್ ಫ್ಯಾಕ್ಟರಿಯಿಂದ ಚಾ ಕುಡಿಯಲು ಬರುತ್ತಾನೆ. ಭಾನುವಾರ ಶಿರಾಲಿಯಲ್ಲಿ ತಾಯಿಯ ಜೊತೆ ಇರುತ್ತಾನೆ. ದೊಡ್ಡ ಗಂಟಲಿನ ಮನುಷ್ಯ. ಸಿಟ್ಟು ಮೂಗಿನ ತುದಿಯಲ್ಲಿ.

ಅವಳು ಫೋನು ಮಾಡಿದಳು. ನಿನ್ನೆ ಎಷ್ಟಕ್ಕೆ ಏರಿತ್ತೆಂದು ಹೇಳಿ, ತಗ್ಗಿದ ದನಿಯಲ್ಲಿ ಕೇಳಿದಳು: "ಅಕ್ಕಾ, ಭಾವ ನಿಂಗೆ ಎಂತಾದ್ರೂ ಮಾಡ್ತಾರಾ?"

ಮಂಗಲಾಳ ದನಿಯಲ್ಲಿ ಅವಸರವಿತ್ತು. "ಅವ್ರು ಎಂತ ಮಾಡ್ತಾರೆ? ನೀ ಫೋನ್ ಇಡು ಮಾರಾಯ್ತಿ. ಎದೆ ಹೊಡ್ಕಳ್ತದೆ."

ಅವನು ಪಕ್ಕದಲ್ಲೇ ನಿಂತಿರಬೇಕು ಎಂದುಕೊಂಡಳು ವಿನುತಾ. ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ.

ಮರುದಿನ ರಜೆ ಹಾಕಿ ಬಸ್ಸು ಹತ್ತಿದಳು. ಹೊನ್ನಾವರದ ಸೇತುವೆ ದಾಟುವಾಗ, ಪಟ್ಟಿಯ ಅಂಕಿಗಳು ಆಗಿಂದಾಗ ಕಾಣುವಂತೆ ಮೊಬೈಲು ತೆರೆದಿಟ್ಟುಕೊಂಡಳು. ಮಂಕಿಯಲ್ಲಿ ಇಳಿದು, ಯಾರಿಗೂ ಹೇಳದೆ, ಅಕ್ಕನ ಅಡುಗೆಮನೆಯ ಹಿಂದಿನ ಬೇಲಿಯ ಮರೆಗೆ ನಿಂತಳು. ಕಿಟಕಿ ತೆರೆದಿತ್ತು. ಮೊಬೈಲಿನಲ್ಲಿ ಅಕ್ಕನ ನಾಡಿ ಎಪ್ಪತ್ತನಾಲ್ಕು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಮಾಬ್ಲೇಶ್ವರ ಬಂದ. ಏನೋ ಜೋರಾಗಿ ಹೇಳಿದ. ವಿನುತಾ ಕಿಟಕಿಯತ್ತ ಬಗ್ಗಿದಳು. ಕೂಗಿ ಜನ ಸೇರಿಸಬೇಕೇ? ಒಳಗಿಂದ ಅಕ್ಕನ ನಗು ಕೇಳಿತು. ಅವನು ಟೋಸ್ಟ್ ಅದ್ದಿಕೊಂಡು ಚಾ ಕುಡಿಯುತ್ತ ಕುಳಿತ. ಎಪ್ಪತ್ತೈದು.

ನಾಟಕ ಇರಬಹುದು ಎನಿಸಿತು ಅವಳಿಗೆ. ಎಂದಿನ ಹೊತ್ತಿಗೆ ಫೋನು ಬಾರದಿದ್ದರೆ ಅವನಿಗೆ ಅನುಮಾನ ಬಂದೀತು. ನಾಲ್ಕಾಗುತ್ತಲೇ ಅಕ್ಕನ ನಂಬರು ಒತ್ತಿದಳು.

ಒಳಗೆ ನಗು ತಟ್ಟನೆ ನಿಂತಿತು. ಮಂಗಲಾಳ ಕೈ ಎದೆಗೆ ಹೋಯಿತು. ಮಾಬ್ಲೇಶ್ವರ ಲೋಟ ಕೆಳಗಿಟ್ಟು ಎದ್ದ.

"ತೆಗೀಬೇಡ," ಎಂದ. "ನಿನ್ನ ತಂಗಿದೇ. ಇವತ್ತು ಎಷ್ಟಕ್ಕೆ ಏರಿತ್ತು ಹೇಳಿ ಹೆದರಿಸ್ತದೋ ಎಂತದೋ."

ಬೇಲಿಯಾಚೆ ವಿನುತಾ ಕರೆ ಕತ್ತರಿಸಿದಳು. ನೂರ ಮೂವತ್ತು ಮುಟ್ಟಿದ್ದ ಅಕ್ಕನ ನಾಡಿ ನಿಮಿಷ ನಿಮಿಷಕ್ಕೂ ಇಳಿಯತೊಡಗಿತು.